ಬೀರುವಿನ ಮೇಲಿನ ಯೋಗದ ಚಾಪೆ

ಕೊಳೆಯಾದೀತೆಂದು ಶಾಲೆಯವರು ಯೋಗದ ಚಾಪೆಯನ್ನು ಸುತ್ತಿ ಬೀರುವಿನ ಮೇಲಿಟ್ಟರು; ಇದು ಮಕ್ಕಳಿಗೆ ಮಾಡಿದ ಅನ್ಯಾಯ. ಯೋಗ ದಿನದ ಫೋಟೋಕ್ಕೆ ಮಾತ್ರ ಅದಕ್ಕೆ ಬಿಡುಗಡೆ. ಕೆಳಗೆ ಬೆನ್ನು ಗೂನು ಮಾಡಿಕೊಂಡು ತೂಕಡಿಸುವ ಮಕ್ಕಳನ್ನು ಕಂಡು ಚಾಪೆಯ ಕರುಳು ಚುರ್ರೆನ್ನುತ್ತಿತ್ತು.

ಒಂದು ದಿನ ಬೆಕ್ಕು ಬೀರು ಹತ್ತಿತು. "ಏನಮ್ಮಾ, ಫೋಟೋದ ಮಹಾರಾಣಿ! ಮೈ ಮರಗಟ್ಟಿತೇ?"

"ಅಣಕ ಸಾಕು ಕಣೇ. ನನ್ನನ್ನು ಕೆಳಗೆ ತಳ್ಳು."

"ಕೊಳೆಯಾಗುತ್ತೀಯ!"

"ಆಗಲಿ, ಮಕ್ಕಳು ತುಳಿಯಲೆಂದೇ ನಾನು ಹುಟ್ಟಿದ್ದು."

ಬೆಕ್ಕು ಒದೆಯಿತು. ಚಾಪೆ ತರಗತಿಯ ನಡುವೆ ಬಿದ್ದು ಹರಡಿಕೊಂಡಿತು. ಬೆಕ್ಕು ಅದರ ಮೇಲೆ ಹಾರಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಮೈ ಮುರಿಯಿತು. ಮಕ್ಕಳು ನಗುತ್ತ ಸರದಿಯಲ್ಲಿ ಬಂದು ಹಾಗೆಯೇ ಬಾಗಿದರು, ಕೈ ಚಾಚಿದರು, ಎದೆ ತುಂಬ ಉಸಿರೆಳೆದರು. ತೂಕಡಿಕೆ ಹಾರಿಹೋಯಿತು. ಪುಟ್ಟ ಪಾದಗಳ ಮಣ್ಣು ಮೆತ್ತಿಕೊಂಡ ಚಾಪೆ ಹಿಗ್ಗಿಹೋಯಿತು.

ನಿಮ್ಮೂರ ಶಾಲೆಯ ಚಾಪೆ ಎಲ್ಲಿದೆ? ನಾಳೆ ಬೆಳಿಗ್ಗೆಯೇ ಹೋಗಿ ಕೆಳಗಿಳಿಸಿ, ಮಕ್ಕಳಿಗೆ ಹಾಸಿಕೊಡಿ.