ಅರವಟ್ಟಿಗೆಯ ನಲವತ್ತು ಮಡಿಕೆ

ಹೊಳೆಯ ದಂಡೆಯಲ್ಲಿ ಒಂದು ವಿದ್ಯಾಪೀಠ. ಯಾವುದನ್ನೂ ಕಸವೆಂದು ಬಿಸಾಡದೆ ಮತ್ತೆ ಬಳಕೆಗೆ ತರುವ ವಿದ್ಯೆಗೆ ಅದು ಹೆಸರುವಾಸಿ. ಗುರು ರಾಚಯ್ಯನವರ ಶಿಷ್ಯರಲ್ಲಿ ಮಲ್ಲಿದೇವನೇ ಜಾಣ. ಅದು ಅವನಿಗೂ ಗೊತ್ತಿತ್ತು, ಎಡವಟ್ಟಾದದ್ದೇ ಅಲ್ಲಿ.

ಒಡೆದ ಮಡಿಕೆಗಳನ್ನು ಕುಟ್ಟಿ, ಸುಣ್ಣ ಬೆರೆಸಿ ಅವನೊಂದು ಗಾರೆ ಕಂಡುಹಿಡಿದಿದ್ದ. ಅದರಿಂದ ಕಟ್ಟಿದ ತೊಟ್ಟಿಯಲ್ಲಿ ಒಂದು ಹನಿಯೂ ಸೋರದು. ಅವನು ಅಂಗಳದಲ್ಲಿ ಕಟ್ಟಿದ್ದ ಅಂಥ ತೊಟ್ಟಿ ನೋಡಲು ಬೇರೆ ವಿದ್ಯಾಪೀಠಗಳ ಪಂಡಿತರು ಬರುವವರಿದ್ದರು. ಅವರು ಮೆಚ್ಚಿದರೆ ಮಲ್ಲಿದೇವನೇ ಮುಂದಿನ ಆಚಾರ್ಯ.

ಅವರು ಬರುವ ದಿನ ಬೆಳಗ್ಗೆಯೇ ಕುಂಬಾರರ ಸಾತವ್ವ ಒಳಗೆ ನುಗ್ಗಿದಳು.

“ಎಲ್ಲಿ ಅವನು? ದಾರಿಹೋಕರು ನೀರು ಕುಡೀಲಿ ಅಂತ ಆಲದ ಕೆಳಗೆ ಅರವಟ್ಟಿಗೆಗೆ ನಲವತ್ತು ಮಡಿಕೆ ಇಟ್ಟಿದ್ದೆ. ಎಲ್ಲಾ ನನ್ನ ಕೈಯಾರೆ ತಟ್ಟಿದ್ದು. ಒಂದೂ ಇಲ್ಲ! ನಿಮ್ಮ ಶಿಷ್ಯ ಒನಕೆ ತಗೊಂಡು ಕುಟ್ಟಿದ್ದನ್ನ ದನ ಕಾಯೋರು ಕಣ್ಣಾರೆ ನೋಡಿದಾರೆ!”

ರಾಚಯ್ಯನವರು ಶಿಷ್ಯನ ಕಡೆ ತಿರುಗಿದರು. “ನಿಜವೇನಯ್ಯಾ?”

ಮಲ್ಲಿದೇವನಿಗೆ ಮೈಯೆಲ್ಲ ಉರಿಯಿತು. ಇಷ್ಟು ದೊಡ್ಡ ಕೆಲಸದ ನಡುವೆ ಮಡಿಕೆಯ ರಗಳೆ!

“ಏನು ಮಾಡಲಿ ಗುರುಗಳೇ? ತೊಟ್ಟಿಗೆ ಮಡಿಕೆ ಚೂರು ಸಾಲಲಿಲ್ಲ. ಮೂರು ದಿನ ಊರೆಲ್ಲ ಅಲೆದೆ. ಒಬ್ಬರೂ ಕೊಡಲಿಲ್ಲ.”

“ಯಾಕೆ ಕೊಡಲಿಲ್ಲ?”

“ಒಬ್ಬಳು ಒಡೆದ ಮಡಿಕೆಯಲ್ಲಿ ಕಾಳು ಹುರಿಯುತ್ತಾಳೆ. ಇನ್ನೊಬ್ಬಳು ಅದರಲ್ಲಿ ಕೋಳಿಗೆ ನೀರಿಡುತ್ತಾಳೆ. ಮತ್ತೊಬ್ಬರ ಮನೆಯಲ್ಲಿ ಅದರಲ್ಲೇ ತುಳಸಿ ಬೆಳೆದಿದೆ. ಬಿಸಾಡುವವರೇ ಇಲ್ಲ ಈ ಊರಲ್ಲಿ!”

“ನಿನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ!” ಎಂದಳು ಸಾತವ್ವ. “ಅದಕ್ಕೆ ಗಟ್ಟಿ ಮಡಿಕೆ ಒಡೆದೆಯಾ?”

“ಒಂದೂ ದಂಡವಾಗಿಲ್ಲ ಸಾತವ್ವಾ. ಒಂದೊಂದು ಚೂರನ್ನೂ ಉಳಿಸಿದ್ದೇನೆ. ಬಂದು ತೊಟ್ಟಿ ನೋಡು.”

ಸಿಟ್ಟು ಮಾಡಿದವರೇ ಅಲ್ಲ ರಾಚಯ್ಯನವರು. ಅವತ್ತು ಎದ್ದು ನಿಂತು ಗದರಿದರು.

“ನಿನ್ನ ತೊಟ್ಟಿಗೆ ನೀರು ತುಂಬುವುದು ಯಾವಾಗ?”

“ಗಾರೆ ಗಟ್ಟಿಯಾಗಲು ಇನ್ನೂ ಇಪ್ಪತ್ತು ದಿನ ಬೇಕು.”

“ಒಡೆಯದಿದ್ದರೆ ಸಾತವ್ವನ ಮಡಿಕೆಗೆ?”

ಮಲ್ಲಿದೇವ ತೊಟ್ಟಿಯ ಸುತ್ತ ಗುಡಿಸಲು ಹೊರಟ.

ಮಟಮಟ ಮಧ್ಯಾಹ್ನ ಪಂಡಿತರು ಬಂದರು. ಒಬ್ಬರ ಮುಖದಲ್ಲೂ ಕಳೆಯಿಲ್ಲ. ಅವರಲ್ಲಿ ಹಿರಿಯರಂತೂ ಜಗಲಿಯ ಮೇಲೆ ಕುಸಿದೇಬಿಟ್ಟರು.

“ಆಲದ ಅರವಟ್ಟಿಗೆ ನಂಬಿಕೊಂಡು ನಡೆದು ಬಂದೆವು. ಒಂದು ಹನಿ ನೀರಿರಲಿಲ್ಲ. ನಾವು ಹೇಗೋ ಬಂದೆವು. ದಾರಿಯಲ್ಲಿ ಒಬ್ಬ ತುಂಬು ಬಸುರಿ ಕೂತಿದ್ದಳು, ಅವಳಿಗೆ ಕೊಡಲು ನಮ್ಮ ಹತ್ತಿರ ಏನೂ ಇರಲಿಲ್ಲ.”

ಸಾತವ್ವ ಇನ್ನೂ ಅಲ್ಲೇ ಇದ್ದಳು. ಒಳಗಿದ್ದ ಒಂದೇ ಒಂದು ಕೊಡ ನೀರನ್ನು ಸೊಂಟಕ್ಕೇರಿಸಿಕೊಂಡು ಆಲದ ಕಡೆ ಓಡಿದಳು.

ಜಗಲಿಯ ಮೇಲೆ ಪಂಡಿತರು ಬಾಯಾರಿ ಕೂತಿದ್ದರು. ತೊಟ್ಟಿಯ ಮಾತನ್ನು ಯಾರೂ ಎತ್ತಲಿಲ್ಲ.  ಮಲ್ಲಿದೇವ ಅಡುಗೆಮನೆಯ ಖಾಲಿ ಬಿಂದಿಗೆ ಎತ್ತಿಕೊಂಡು ಹೊಳೆಯ ಕಡೆ ಹೊರಟ.

ಗುರುಗಳು ಬಿಂದಿಗೆ ಕಿತ್ತುಕೊಂಡರು. ತೊಟ್ಟಿಯ ಪಕ್ಕದಲ್ಲಿ ಮಿಕ್ಕಿದ್ದ ಚೂರುಗಳ ರಾಶಿಗೆ ಕೈಹಾಕಿ, ಅಂಗೈಯಗಲದ ಒಂದನ್ನು ಎತ್ತಿ ಅವನ ಕೈಗಿಟ್ಟರು.

“ಹೋಗು, ಇವರಿಗೆಲ್ಲ ನೀರು ತಾ. ನೀನು ಉಳಿಸಿದ್ದರಲ್ಲೇ ತುಂಬಿಕೊಂಡು ಬಾ.”