ಗುಡಿಸುವ ಪ್ರೋಗ್ರಾಮು, ತಡೆಯದ ಕಂಪ್ಯೂಟರು

ಆಸ್ಪತ್ರೆಯೊಂದರ ಕಂಪ್ಯೂಟರಿನಲ್ಲಿ ಬೇಡದ ಫೈಲುಗಳನ್ನು ಗುಡಿಸುವ ಪ್ರೋಗ್ರಾಮೊಂದಿತ್ತು. ಯಾರಾದರೂ ತೆರೆದಿಟ್ಟುಕೊಂಡ ಫೈಲಿಗೆ ಅದು ಕೈ ಹಾಕಿದರೆ ಕಂಪ್ಯೂಟರೇ ತಡೆಯುತ್ತಿತ್ತು. ಹಾಗಾಗಿ ನೋಡಿ ಗುಡಿಸುವ ಗೋಜಿಗೆ ಅದು ಯಾವತ್ತೂ ಹೋಗಲಿಲ್ಲ.

ಒಂದು ದಿನ ಅದನ್ನು ಬೇರೆ ಜಾತಿಯ ಹೊಸ ಕಂಪ್ಯೂಟರಿಗೆ ಹಾಕಿದರು.

"ನಿಲ್ಲಯ್ಯ, ನರ್ಸಮ್ಮ ನನ್ನಲ್ಲಿ ಇನ್ನೂ ಬರೆಯುತ್ತಿದ್ದಾರೆ!" ಎಂದು ಒಂದು ಫೈಲು ಕೂಗಿತು.

"ಹಾಗಿದ್ದರೆ ಕಂಪ್ಯೂಟರು ತಡೆಯುತ್ತದೆ ಬಿಡು," ಎಂದು ಪ್ರೋಗ್ರಾಮು ಗುಡಿಸಿಯೇಬಿಟ್ಟಿತು.

ಯಾರೂ ತಡೆಯಲಿಲ್ಲ. ಪಟ್ಟಿಯಿಂದ ಹೆಸರು ಅಳಿದರೂ, ತೆರೆದಿದ್ದಷ್ಟು ಹೊತ್ತು ಫೈಲು ಉಳಿದಿತ್ತು; ನರ್ಸಮ್ಮ ಬರೆದು ಮುಗಿಸಿ ಮುಚ್ಚಿದ ಕೂಡಲೇ ಇಲ್ಲವಾಯಿತು.

"ಏಕೆ ಸುಮ್ಮನಿದ್ದೆ?" ಎಂದು ಪ್ರೋಗ್ರಾಮು ಕಂಪ್ಯೂಟರನ್ನು ಗದರಿತು.

"ನೀನು ಅಳಿಸು ಎಂದೆ, ನಾನು ಅಳಿಸಿದೆ. ನೋಡಿಕೊಳ್ಳುವುದು ನಿನ್ನ ಕೆಲಸ," ಎಂದಿತು ಕಂಪ್ಯೂಟರು.

ಅಷ್ಟರಲ್ಲಿ ಪಾಳಿ ಬದಲಾಯಿತು. ಏಳನೇ ಹಾಸಿಗೆಯವನಿಗೆ ಆಗಿಬರದ ಇಂಜೆಕ್ಷನ್ ಯಾವುದೆಂದು ಆ ಫೈಲಿನಲ್ಲಷ್ಟೇ ಇತ್ತು. ಹೊಸ ನರ್ಸು ಅದನ್ನೇ ಸಿರಿಂಜಿಗೆ ತುಂಬಿಕೊಂಡರು.