ಕೆಂಚವ್ವನೂ ಅಡಿವೆಯ್ಯನ ನೂರನೆಯ ಕುಚ್ಚೂ

ಕಾಲು ಚಾಚಿ ಕೂತವರು ಮಡಚಿಕೊಳ್ಳಿ, ಬಾಗಿಲಲ್ಲಿ ನಿಂತವರು ಒಳಗೆ ಬನ್ನಿ. ನಾನು ಹೇಳುವುದು ಒಂದೇ ಸಲ.

ಒಂದು ರಾಜ್ಯದಲ್ಲಿ ಒಬ್ಬ ರಾಜನಿದ್ದ. ಒಳ್ಳೆಯವನೇ. ಆದರೆ ಒಳ್ಳೆಯ ರಾಜರಿಗೂ ಒಂದು ಚಾಳಿ ಇರುತ್ತದೆ, ಒಳ್ಳೆಯ ಕೆಲಸವನ್ನು ಯಾರದೋ ಕೈಗೆ ಕೊಟ್ಟು ತಾವು ಮರೆತುಬಿಡುತ್ತಾರೆ. ಊರಲ್ಲಿ ಯಾರೂ ಕೆಲಸವಿಲ್ಲದೆ ಕೂರಬಾರದು ಅಂತ ಈ ರಾಜ ಒಂದು ಚಾವಡಿ ಕಟ್ಟಿಸಿದ. ಅದು ಕೆಲಸ ಕೊಡಿಸುವ ಚಾವಡಿ. ಅಡಿವೆಯ್ಯ ಎಂಬವನು ಅದರ ಯಜಮಾನನಾದ. ಅವನು ಒಬ್ಬರಿಗೆ ಕೆಲಸ ಕೊಡಿಸಿದರೆ ಅವನ ಪೇಟಕ್ಕೆ ಒಂದು ಜರಿ ಕುಚ್ಚು. ಅದನ್ನು ತುಂಬಿದ ಸಭೆಯಲ್ಲಿ ರಾಜನೇ ಕಟ್ಟುತ್ತಿದ್ದ. ಕೆಲಸ ಸಿಕ್ಕವರು ಪಕ್ಕದಲ್ಲಿ ಕೈಮುಗಿದು ನಿಲ್ಲಬೇಕು, ಅಷ್ಟೆ. ನೂರು ಕುಚ್ಚಾದರೆ ಅಡಿವೆಯ್ಯನಿಗೆ ಪಲ್ಲಕ್ಕಿ.

ಚಾವಡಿಗೆ ಒಂದು ಕಟ್ಟಳೆಯೂ ಇತ್ತು. ಅಲ್ಲಿನ ಓಲೆಯಲ್ಲಿ ಹೆಸರಿದ್ದವರು ಪ್ರತಿ ಸೋಮವಾರ ಬೆಳಗಿನಿಂದ ಸಂಜೆಯವರೆಗೆ ಬಂದು ಕೂರಬೇಕು. ಬರದಿದ್ದರೆ ಸೋಮಾರಿ ಅಂತ ಊರಲ್ಲೆಲ್ಲ ಡಂಗುರ. ಡಂಗುರ ಹೊಡೆಸಿಕೊಂಡವರನ್ನು ಒಂದು ವರ್ಷ ಯಾರೂ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ.

ಆ ಊರಿನಲ್ಲಿ ಕೆಂಚವ್ವ ಎಂಬ ಹೆಂಗಸಿದ್ದಳು. ದೊಡ್ಡಮನೆಯೊಂದರಲ್ಲಿ ಹಿಟ್ಟು ಬೀಸುತ್ತಿದ್ದಳು. ಆ ಮನೆಯವರು ಊರು ಬಿಟ್ಟರು, ಇವಳ ಕೆಲಸ ಹೋಯಿತು. ಮನೆಯಲ್ಲಿ ಹಲ್ಲಿಲ್ಲದ ಅತ್ತೆ, ಹಲ್ಲು ಮೂಡುತ್ತಿದ್ದ ಮಗಳು, ಇಬ್ಬರಿಗೂ ಗಂಜಿಗೆ ಇವಳೇ ಗತಿ. ಚಾವಡಿಗೆ ಹೋಗಿ ಹೆಸರು ಬರೆಸಿದಳು. ಏಳು ತಿಂಗಳು ಸೋಮವಾರ ಸೋಮವಾರ ಕೂತಳು. ಅಡಿವೆಯ್ಯ ಅವಳಿಗೆ ಧಣಿಗಳ ಮುಂದೆ ಹೇಗೆ ನಿಲ್ಲಬೇಕು ಅಂತ ಕಲಿಸಿದ. ಹೇಗೆ ಬಗ್ಗಬೇಕು ಅಂತ ಕಲಿಸಿದ. ಹೇಗೆ ನಗಬೇಕು ಅಂತಲೂ ಕಲಿಸಿದ. ಕೆಲಸಕ್ಕೆ ಅಂತ ಕಳಿಸಿದ್ದು ಒಂದೇ ಸಲ, ಅದೂ ಗರಡಿಮನೆಗೆ. ಅಲ್ಲಿ ಅವರಿಗೆ ಬೇಕಾಗಿದ್ದದ್ದು ಕುಸ್ತಿಪಟು.

ಇನ್ನು ಕೆಲಸ ಸಿಕ್ಕ ಬಗೆ ಕೇಳಿ. ಆ ಊರಿನ ಕೋಟೆ ಬಾಗಿಲ ಮೇಲೆ ಒಂದು ಕೋಣೆ. ಅಲ್ಲಿ ನೀರಿನ ಕೊಪ್ಪರಿಗೆಯ ಮೇಲೆ ತೂತಿನ ತಾಮ್ರದ ಬಟ್ಟಲನ್ನು ತೇಲಿಬಿಡುತ್ತಿದ್ದರು. ತೂತಿನಿಂದ ನೀರು ಏರಿ ಬಟ್ಟಲು ಮುಳುಗಿತೋ, ಒಂದು ಗಳಿಗೆ ಆಯಿತು ಅಂತ ಜಾಗಟೆ ಹೊಡೆಯುತ್ತಿದ್ದರು. ಊರು ಏಳುವುದು, ಉಣ್ಣುವುದು, ಕಾವಲು ಬದಲಾಗುವುದು ಎಲ್ಲ ಆ ಜಾಗಟೆಗೆ. ಕೆಂಚವ್ವ ಮನೆಯಲ್ಲಿ ನೆರೆಯವರ ರಾಗಿ ಬೀಸಿಕೊಡುವಾಗ ಒಂದು ಜಾಗಟೆಯಿಂದ ಇನ್ನೊಂದಕ್ಕೆ ಸರಿಯಾಗಿ ಒಂದು ಸೇರು ಮುಗಿಯುತ್ತಿತ್ತು. ಒಂದು ದಿನ ಸೇರು ಮುಗಿಯಿತು, ಜಾಗಟೆ ಇಲ್ಲ. ಇನ್ನೂ ಕಾಲು ಸೇರು ಬೀಸಿದ ಮೇಲೆ ಢಣ್ ಅಂದಿತು. ಮರುದಿನವೂ ಹಾಗೇ. ಮೂರನೆಯ ದಿನವೂ ಹಾಗೇ.

ಅವಳು ನೆಟ್ಟಗೆ ಕೋಟೆ ಬಾಗಿಲಿಗೆ ನಡೆದಳು. ಜಾಗಟೆಯ ಮುದುಕ ಬೊಮ್ಮಜ್ಜನಿಗೆ ಹೇಳಿದಳು, "ಅಜ್ಜ, ನಿನ್ನ ಗಳಿಗೆ ಹಿಗ್ಗೈತೆ."

"ನನ್ನ ಗಳಿಗೆ ಯಾಕೆ ಹಿಗ್ಗುತ್ತೆ? ನಿನ್ನ ಕೈ ಚುರುಕಾಗಿರಬೇಕು," ಅಂದ ಅಜ್ಜ.

"ಮೂರು ದಿನದಿಂದ ಹಸಿದ ಕೈ ಚುರುಕಾಗಲ್ಲ. ಬಟ್ಟಲು ತೋರ್ಸು."

ಬಟ್ಟಲು ನೋಡಿದರೆ ತೂತಿನ ಸುತ್ತ ಕಿಲುಬು ಕಟ್ಟಿಕೊಂಡಿತ್ತು. ಅಜ್ಜನ ಕಣ್ಣಿಗೆ ಅದು ಕಂಡಿರಲೇ ಇಲ್ಲ. ಕೆಂಚವ್ವ ಹುಣಸೆಹಣ್ಣು ಹಚ್ಚಿ ಉಜ್ಜಿದಳು. ಗಳಿಗೆ ಸರಿಹೋಯಿತು. ಬೊಮ್ಮಜ್ಜ ಅಂದ, "ನಾಳೆಯಿಂದ ನೀನೇ ಹೊಡಿ. ನಾನು ಪಕ್ಕದಲ್ಲಿ ಕೂತಿರ್ತೀನಿ." ಎಂಥ ಸಂತೋಷ ಅಂತೀರಿ, ಅವಳು ಮೆಟ್ಟಿಲು ಇಳಿಯುವಾಗ ಅಳುತ್ತಲೇ ಇಳಿದಳು.

ಮೊದಲನೆಯ ಸೋಮವಾರ ಸಂಜೆ ಅವಳ ಮನೆಗೆ ಚಾವಡಿಯ ಆಳು ಬಂದ. "ಕೆಂಚವ್ವ, ಯಾಕೆ ಬರಲಿಲ್ಲ?"

"ಕೆಲಸ ಸಿಕ್ಕೈತೆ ಕಣಪ್ಪ. ಹೆಸರು ಹೊಡೆದುಹಾಕ್ರಿ."

ಎರಡನೆಯ ಸೋಮವಾರ ಮತ್ತೆ ಬಂದ. "ಎಲ್ಲಿ ಸಿಕ್ತು ಅಂತ ಹೇಳ್ಬೇಕಂತೆ. ನಿನ್ನ ಧಣಿಯನ್ನ ಯಜಮಾನರು ಕಂಡು ಮಾತಾಡ್ತಾರಂತೆ."

"ಸಿಕ್ಕೈತೆ ಅಂದ್ರೆ ಸಾಲದಾ? ಎಲ್ಲಿ ಅಂತ ಹೇಳ್ಬೇಕು ಅನ್ನೋದು ರಾಜರ ಕಟ್ಟಳೆಯಲ್ಲಿ ಇಲ್ಲ."

ಮೂರನೆಯ ಸೋಮವಾರ ಅಡಿವೆಯ್ಯನೇ ಬಂದ. ಪೇಟದಲ್ಲಿ ತೊಂಬತ್ತೊಂಬತ್ತು ಕುಚ್ಚು, ತಲೆ ಆಡಿಸಿದರೆ ಸರಸರ ಅನ್ನುತ್ತಿತ್ತು. ಕೈಯಲ್ಲಿ ಒಂದು ಓಲೆ. "ಈ ಕೆಲಸ ಚಾವಡಿಯೇ ಕೊಡಿಸಿದ್ದು ಅಂತ ಬರೆದಿದೆ. ಹೆಬ್ಬೆಟ್ಟು ಒತ್ತು."

"ನೀವು ಕೊಡಿಸಿಲ್ವಲ್ಲ ಸ್ವಾಮಿ."

"ನಗೋದು ಕಲಿಸಿದವರು ಯಾರು? ಆ ನಗು ನೋಡಿಯೇ ಕೊಟ್ಟಿದ್ದಾರೆ. ಒತ್ತದಿದ್ದರೆ ಮುಂದಿನ ಸೋಮವಾರ ಡಂಗುರ. ಆಮೇಲೆ ಯಾವ ಧಣಿ ಇಟ್ಟುಕೊಳ್ತಾನೋ ನೋಡೋಣ."

ಕೆಂಚವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಚಾವಡಿಗೆ ಹೋಗಿ ಕೂತರೆ ಜಾಗಟೆ ನಿಲ್ಲುತ್ತದೆ, ಕೆಲಸ ಹೋಗುತ್ತದೆ. ಹೋಗದಿದ್ದರೆ ಡಂಗುರ, ಆಗಲೂ ಕೆಲಸ ಹೋಗುತ್ತದೆ. ಹೆಬ್ಬೆಟ್ಟು ಒತ್ತಿದರೆ ಕೆಲಸವೇನೋ ಉಳಿಯುತ್ತದೆ, ಆದರೆ ತಾನು ಕಷ್ಟಪಟ್ಟು ಗಳಿಸಿದ್ದು ಇವನ ತಲೆಯ ಮೇಲೆ ಕುಣಿಯುತ್ತದೆ. ಅದು ಅವಳಿಗೆ ಸುತರಾಂ ಒಪ್ಪಿಗೆಯಾಗಲಿಲ್ಲ. ಅವಳು ಅಂದಳು, "ಓಲೆ ಯಾಕೆ? ಸಭೆಗೇ ಬರ್ತೀನಿ. ಮಧ್ಯಾಹ್ನದ ಹೊತ್ತಿಗೆ ಕರೆಸ್ರಿ. ನೀವು ಮಾತಾಡಿ ಮುಗಿಸೋವರೆಗೂ ತುಟಿ ಬಿಚ್ಚಲ್ಲ."

ಅಡಿವೆಯ್ಯ ಹಿಗ್ಗಿಹೋದ. ಹಿಂದಿನ ತೊಂಬತ್ತೊಂಬತ್ತು ಜನರೂ ರಾಜನ ಮುಂದೆ ಮೂಕರಂತೆ ನಿಂತಿದ್ದರು. ಇವಳೂ ಹಾಗೇ ಅಂದುಕೊಂಡ.

ಸಭೆಯ ದಿನ ಬಂತು. ಕೆಂಚವ್ವ ಬೊಮ್ಮಜ್ಜನಿಗೆ ಎಲ್ಲ ತಿಳಿಸಿ, ಒಂದು ಗಳಿಗೆಯ ಜಾಗಟೆ ಹೊಡೆದು, ಇಳಿದು ಬಂದಳು. ಅಜ್ಜ ಅಂದ, "ಹೋಗಿ ಬಾ. ನನಗೆ ಈಗೀಗ ಬಟ್ಟಲು ಮುಳುಗಿದ್ದೂ ಕಾಣಲ್ಲ, ಸುಳ್ಳು ಜಾಗಟೆ ನಾನು ಹೊಡೆಯಲ್ಲ."

ಅಡಿವೆಯ್ಯ ಕೈಮುಗಿದ. "ಮಹಾಸ್ವಾಮಿ, ಈ ಹೆಂಗಸಿಗೆ ಚಾವಡಿಯೇ ಕೆಲಸ ಕೊಡಿಸಿದೆ. ನೂರನೆಯ ಕುಚ್ಚು ಅಪ್ಪಣೆಯಾಗಲಿ."

ರಾಜ ಕುಚ್ಚು ಕೈಗೆತ್ತಿಕೊಂಡ. ನೂರನೆಯದಲ್ಲವೇ, ಒಂದು ಮಾತು ಕೇಳೋಣ ಅನ್ನಿಸಿತು. "ಏನು ಕೆಲಸ ಕೊಡಿಸಿದೆ?"

ಅಡಿವೆಯ್ಯನಿಗೆ ಎಲ್ಲಿ ಗೊತ್ತು? ಕಳ್ಳಗಣ್ಣಿನಲ್ಲಿ ಕೆಂಚವ್ವನನ್ನು ನೋಡಿದ. ಅವಳ ಬೆರಳು ನೀರಿನಲ್ಲಿ ನೆನೆದು ಸುಕ್ಕಾಗಿದ್ದವು. "ಬಟ್ಟೆ ಒಗೆಯೋದು, ಸ್ವಾಮಿ."

ರಾಜ ಕೆಂಚವ್ವನ ಕಡೆ ತಿರುಗಿದ. ಅವಳು ತಲೆ ಅಲ್ಲಾಡಿಸಿದಳು.

ಅಡಿವೆಯ್ಯ ಅವಳ ಅಂಗೈ ನೋಡಿದ. ಕೊಡತಿ ಹಿಡಿದು ಜಾಗಟೆ ಹೊಡೆದು ಜಡ್ಡುಗಟ್ಟಿತ್ತು. "ತಪ್ಪಾಯ್ತು ಸ್ವಾಮಿ, ಭತ್ತ ಕುಟ್ಟೋದು."

ಅವಳು ಮತ್ತೆ ತಲೆ ಅಲ್ಲಾಡಿಸಿದಳು.

ಅಡಿವೆಯ್ಯನ ಮೂಗಿಗೆ ಹುಣಸೆಹಣ್ಣಿನ ವಾಸನೆ ಬಡಿಯಿತು. "ಅಡುಗೆಮನೆ ಕೆಲಸ, ಸ್ವಾಮಿ. ಸಾರು ಮಾಡೋದು."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ರಾಜನಿಗೆ ನಗು ಬರಲಿಲ್ಲ. ಅವನಿಗೆ ಆಗಲೇ ಹೊಟ್ಟೆ ತಾಳ ಹಾಕುತ್ತಿತ್ತು. ಊಟದ ಎಲೆ ಹಾಕಿರಲಿಲ್ಲ. ಬಾಗಿಲ ಕಾವಲಿನವರು ಬದಲಾಗದೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಿದ್ದರು. "ನೀನೇ ಹೇಳಮ್ಮ, ಏನು ನಿನ್ನ ಕೆಲಸ?" ಅಂದ ರಾಜ.

"ಮಹಾಸ್ವಾಮಿಗಳಿಗೆ ಹಸಿವಾಗೈತಾ?"

ರಾಜನ ಮುಂದೆ ಹೀಗೆ ಯಾರಾದರೂ ಕೇಳುತ್ತಾರೆಯೇ? ಆದರೆ ಹಸಿದವನು ಹಸಿದವನೇ. "ಆಗಿದೆ," ಅಂದ ರಾಜ.

"ಹೊತ್ತು ನೆತ್ತಿ ದಾಟೈತೆ. ಮಧ್ಯಾಹ್ನದ ಜಾಗಟೆ ಮಾತ್ರ ಆಗಿಲ್ಲ. ಅದನ್ನ ಹೊಡೆಯೋಳು ನಾನು. ಇವರು ಕರೆಸಿದ್ರು ಅಂತ ಇಲ್ಲಿ ನಿಂತಿದೀನಿ. ಈ ಕೆಲಸ ನಾನೇ ಹುಡುಕಿಕೊಂಡದ್ದು, ಬೊಮ್ಮಜ್ಜನ್ನ ಕೇಳಿ. ಹೆಸರು ಹೊಡೆದುಹಾಕ್ರಿ ಅಂತ ಮೊದಲ ಸೋಮವಾರವೇ ಕೇಳಿದೆ. ಡಂಗುರ ಹೊಡೆಸ್ತೀನಿ ಅಂದ್ರು. ಸೋಮವಾರ ಸೋಮವಾರ ಇವರ ಚಾವಡಿಯಲ್ಲಿ ಕೂತ್ರೆ, ಸೋಮವಾರ ಸೋಮವಾರ ತಮಗೆ ಊಟ ಇಲ್ಲ."

ರಾಜ ಮೊದಲು ಬೊಮ್ಮಜ್ಜನನ್ನು ಕರೆಸಿದ, ಅವನು ಹೌದು ಅಂದ. ಆಮೇಲೆ ಹಿಂದಿನ ತೊಂಬತ್ತೊಂಬತ್ತು ಜನರನ್ನೂ ಕರೆಸಿದ. ಒಬ್ಬಳು ಮಾತಾಡಿದ್ದು ಕೇಳಿ ಎಲ್ಲರಿಗೂ ಬಾಯಿ ಬಂತು. ಚಮ್ಮಾರ ತಾನೇ ಹುಡುಕಿಕೊಂಡೆ ಅಂದ. ಹೂವಾಡಗಿತ್ತಿ ತಾನೇ ಹುಡುಕಿಕೊಂಡೆ ಅಂದಳು. ಸಾಲಾಗಿ ಬಂದು ತಂತಮ್ಮ ಕುಚ್ಚು ತಾವೇ ಕಿತ್ತರು. ಕೊನೆಗೆ ಅಡಿವೆಯ್ಯನ ತಲೆಯ ಮೇಲೆ ಬರೀ ಬಟ್ಟೆ ಉಳಿಯಿತು. ರಾಜ ಅವನನ್ನು ಚಾವಡಿಯಿಂದ ಇಳಿಸಿದ. ತಾನು ಮರೆತು ಕೂತದ್ದಕ್ಕೆ ಎಲ್ಲರ ಮುಂದೆ ನಾಚಿಕೊಂಡ. ಕೆಲಸ ಸಿಕ್ಕಿದೆ ಅಂತ ಒಂದು ಮಾತು ಹೇಳಿದರೆ ಸಾಕು, ಅವತ್ತೇ ಹೆಸರು ಹೊಡೆಯಬೇಕು ಅಂತ ಹೊಸ ಕಟ್ಟಳೆ ಮಾಡಿದ. ಕೆಲಸವಿಲ್ಲದ ಅಡಿವೆಯ್ಯ ಅದೇ ಚಾವಡಿಯಲ್ಲಿ ಹೆಸರು ಬರೆಸಿ, ಸೋಮವಾರ ಸೋಮವಾರ ಹಿಂದಿನ ಸಾಲಿನಲ್ಲಿ ಕೂತ. ನಗುವುದು ಮಾತ್ರ ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಕೆಂಚವ್ವ? ಸಭೆ ಮುಗಿಯುವವರೆಗೆ ಅವಳು ಎಲ್ಲಿ ಕಾಯುತ್ತಾಳೆ? ಅಪ್ಪಣೆ ಸಿಕ್ಕ ಕೂಡಲೇ ಸೀರೆ ಎತ್ತಿಕಟ್ಟಿ ಕೋಟೆ ಮೆಟ್ಟಿಲು ಹತ್ತಿ ಕೊಡತಿ ಬೀಸಿದಳು. ಆ ದಿನದ ಜಾಗಟೆ ಮೂರು ಹಳ್ಳಿ ಆಚೆಗೂ ಕೇಳಿಸಿತಂತೆ. ಊರಿಗೆ ಊರೇ ಊಟಕ್ಕೆ ಕೂತಿತು.

ಇದರ ನೀತಿ ಇಷ್ಟು. ನೀವು ದುಡಿದು ಗಳಿಸಿದ ಕೆಲಸ ನಿಮ್ಮದು. ಸಹಾಯ ಮಾಡಿದವರನ್ನು ನೆನೆಯಿರಿ, ಮಾಡದವರಿಗೆ ಹೆದರಿ ಹೆಬ್ಬೆಟ್ಟು ಒತ್ತಬೇಡಿ. ಕಥೆ ಆಯಿತು, ನಿಮ್ಮ ನಿಮ್ಮ ಕೆಲಸಕ್ಕೆ ಏಳಿ.